ಟಿ.ಸಿ. ಕೊಡದ ಕ್ಲಬ್ಬುಗಳ ಕಥೆ

ಜೂನ್ ಬಂತೆಂದರೆ ಇಲ್ಲಿ ಕಾಸರಗೋಡಿನಲ್ಲಿ ಮಳೆಯೂ ಶುರು, ಶಾಲೆಯೂ ಶುರು. ಅದೇ ಹೊತ್ತಿಗೆ ಯುರೋಪಿನಲ್ಲಿ ಇನ್ನೊಂದು ಹಂಗಾಮು ಶುರುವಾಗುತ್ತದೆ, ಫುಟ್‌ಬಾಲ್ ಕ್ಲಬ್ಬುಗಳು ಆಟಗಾರರನ್ನು ಕೊಳ್ಳುವ ಮಾರುವ ಹಂಗಾಮು. ಇದು ನನಗೆ ತಿಳಿದದ್ದು ಎಂಟನೇ ತರಗತಿಯ ಹಿಂದಿನ ಬೆಂಚಿನಿಂದ. ಸಮಾಜ ಪಾಠದ ನಡುವೆ ಇಬ್ಬರು ಹುಡುಗರು ಮೆಲ್ಲಗೆ ಜಗಳ ಆಡುತ್ತಿದ್ದರು. ಏನೆಂದು ಕೇಳಿದೆ.

"ಸಾರ್, ಅವ ಕ್ಲಬ್ ಬಿಟ್ಟು ಹೋಗ್ತಾನಂತೆ. ಮೊಬೈಲಲ್ಲಿ ಬಂದುಂಟು."

"ಅದೆಲ್ಲ ಗಾಳಿಸುದ್ದಿ ಸಾರ್. ಅವ ಹೋಗುದಿಲ್ಲ. ಹೋದರೆ ಅವ ದ್ರೋಹಿ."

ದ್ರೋಹಿ! ಹದಿಮೂರು ವರ್ಷದ ಹುಡುಗನ ಬಾಯಲ್ಲಿ ಎಷ್ಟು ದೊಡ್ಡ ಮಾತು. ನನಗೆ ನಗು ಬರಲಿಲ್ಲ. ಯಾಕೆಂದರೆ ಅದೇ ವಾರ ನಮ್ಮ ಸ್ಟಾಫ್ ರೂಮಿನಲ್ಲೂ ಹೆಚ್ಚು ಕಡಿಮೆ ಇದೇ ಮಾತು ನಡೆದಿತ್ತು. ಕನ್ನಡ ಮಾಧ್ಯಮದಿಂದ ಮಗುವನ್ನು ಬಿಡಿಸಿ ಇಂಗ್ಲಿಷ್ ಶಾಲೆಗೆ ಸೇರಿಸಲು ಒಬ್ಬರು ಟಿ.ಸಿ. ಕೇಳಿಕೊಂಡು ಬಂದಿದ್ದರು. ಅವರು ಮೆಟ್ಟಿಲಿಳಿದ ಮೇಲೆ ನಾವು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನೀವೂ ಶಾಲೆಯವರಾದರೆ ನಿಮಗೆ ಗೊತ್ತಿದೆ.

ಆ ಹುಡುಗರಿಗೆ ಮರುದಿನ ಒಂದು ಕಥೆ ಹೇಳಿದೆ. ಅದನ್ನೇ ಸ್ವಲ್ಪ ವಿಸ್ತಾರವಾಗಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಇಂಗ್ಲೆಂಡಿನಲ್ಲಿ ಹಣ ಪಡೆದು ಫುಟ್‌ಬಾಲ್ ಆಡುವುದನ್ನು ಅಲ್ಲಿನ ಫುಟ್‌ಬಾಲ್ ಸಂಸ್ಥೆ ಅಧಿಕೃತವಾಗಿ ಒಪ್ಪಿದ್ದು ೧೮೮೫ರಲ್ಲಿ. ಮೂರು ವರ್ಷ ಕಳೆದು, ೧೮೮೮ರಲ್ಲಿ, ಹನ್ನೆರಡು ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗ್ ಕಟ್ಟಿದವು. ಆಟಗಾರರಲ್ಲಿ ಹೆಚ್ಚಿನವರು ಗಿರಣಿ, ಗಣಿಗಳ ಊರಿನ ಕಾರ್ಮಿಕರ ಮಕ್ಕಳು. ಯಾವ ಕ್ಲಬ್ ಎರಡು ಕಾಸು ಹೆಚ್ಚು ಕೊಡುತ್ತದೋ ಅಲ್ಲಿಗೆ ಹೋಗುತ್ತಿದ್ದರು. ಕ್ಲಬ್ಬುಗಳಿಗೆ ಇದು ತಲೆನೋವಾಯಿತು. ಅದಕ್ಕೆ ೧೮೯೦ರ ದಶಕದ ಆರಂಭದಲ್ಲಿ ಒಂದು ಉಪಾಯ ಕಂಡುಕೊಂಡರು. ಪ್ರತಿಯೊಬ್ಬ ಆಟಗಾರನ ಹೆಸರು ಒಂದು ಕ್ಲಬ್ಬಿನಲ್ಲಿ ನೋಂದಣಿ ಆಗಬೇಕು. ಆ ಕ್ಲಬ್ ಒಪ್ಪದೆ ಲೀಗಿನ ಬೇರೆ ಯಾವ ಕ್ಲಬ್ಬೂ ಅವನನ್ನು ಸೇರಿಸಿಕೊಳ್ಳುವಂತಿಲ್ಲ.

ಇದರಲ್ಲೇನು ತಪ್ಪು ಎನ್ನಬಹುದು. ಒಪ್ಪಂದ ಇರುವಷ್ಟು ಕಾಲ ಕಟ್ಟುಬೀಳುವುದು ನ್ಯಾಯವೇ. ಆದರೆ ಇಲ್ಲಿ ಗಂಟು ಬೇರೆ ಕಡೆ ಇತ್ತು. ಒಪ್ಪಂದ ಒಂದು ವರ್ಷದ್ದು, ನೋಂದಣಿ ಮಾತ್ರ ಕ್ಲಬ್ ಬಿಡುವ ತನಕ! ವರ್ಷ ಮುಗಿದ ಮೇಲೆ ಕ್ಲಬ್ ಅವನ ಹೆಸರನ್ನು 'ಉಳಿಸಿಕೊಂಡವರ ಪಟ್ಟಿ'ಗೆ ಸೇರಿಸಿದರೆ ಮುಗಿಯಿತು. ಅವನು ಹೊಸ ಒಪ್ಪಂದಕ್ಕೆ ಸಹಿ ಹಾಕದಿದ್ದರೆ ಸಂಬಳವಿಲ್ಲ. ಬೇರೆ ಕಡೆ ಆಡುವ ಹಕ್ಕೂ ಇಲ್ಲ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೀಗೆ: ಮಗು ಪರೀಕ್ಷೆ ಬರೆದಾಯಿತು, ವರ್ಷ ಮುಗಿಯಿತು, ಫೀಸು ಬಾಕಿ ಇಲ್ಲ. ಆದರೂ ಶಾಲೆ ಟಿ.ಸಿ. ಕೊಡುವುದಿಲ್ಲ. ಟಿ.ಸಿ. ಇಲ್ಲದೆ ಬೇರೆ ಶಾಲೆ ಸೇರಿಸಿಕೊಳ್ಳುವುದಿಲ್ಲ. "ಇಲ್ಲೇ ಕಲಿ, ಇಲ್ಲದಿದ್ದರೆ ಮನೆಯಲ್ಲಿ ಕೂರು" ಎಂದ ಹಾಗೆ.

ಇದರ ಜೊತೆಗೆ ೧೯೦೧ರಲ್ಲಿ ಇನ್ನೊಂದು ನಿಯಮ ಬಂತು. ಎಷ್ಟೇ ದೊಡ್ಡ ಆಟಗಾರನಾದರೂ ವಾರಕ್ಕೆ ನಾಲ್ಕು ಪೌಂಡಿಗಿಂತ ಹೆಚ್ಚು ಸಂಬಳ ಕೊಡಬಾರದು ಎಂದು. ಆದರೆ ಕ್ಲಬ್ಬುಗಳು ತಮ್ಮತಮ್ಮೊಳಗೆ ಆಟಗಾರರನ್ನು ಮಾರಿಕೊಳ್ಳುವ ಬೆಲೆಗೆ ಮಿತಿ ಇರಲಿಲ್ಲ. ೧೮೯೩ರಲ್ಲಿ ವಿಲ್ಲೀ ಗ್ರೋವ್ಸ್ ಎಂಬ ಆಟಗಾರನಿಗಾಗಿ ಆಸ್ಟನ್ ವಿಲ್ಲಾ ನೂರು ಪೌಂಡು ಕೊಟ್ಟಿತ್ತು. ೧೯೦೫ರಲ್ಲಿ ಸಂಡರ್‌ಲ್ಯಾಂಡಿನ ಆಲ್ಫ್ ಕಾಮನ್ ಅವರನ್ನು ಮಿಡ್ಲ್ಸ್‌ಬರೋ ಕ್ಲಬ್ ಸಾವಿರ ಪೌಂಡಿಗೆ ಕೊಂಡಿತು. ಕೆಳಗಿನ ದರ್ಜೆಗೆ ಬೀಳುವ ಹೆದರಿಕೆಯಲ್ಲಿದ್ದ ಆ ಕ್ಲಬ್ಬಿಗೆ ಅವರು ಮೊದಲ ಪಂದ್ಯದಲ್ಲೇ ಪೆನಾಲ್ಟಿಯಲ್ಲಿ ಗೋಲು ಹೊಡೆದು ಗೆಲ್ಲಿಸಿಕೊಟ್ಟರು. ಮನುಷ್ಯನಿಗೆ ಸಾವಿರ ಪೌಂಡಿನ ಬೆಲೆಯೇ ಎಂದು ಆಗಿನ ಪತ್ರಿಕೆಗಳಲ್ಲಿ ದೊಡ್ಡ ಗಲಾಟೆ. ಆ ಸಾವಿರವೆಲ್ಲ ಹೋದದ್ದು ಸಂಡರ್‌ಲ್ಯಾಂಡ್ ಕ್ಲಬ್ಬಿನ ಪೆಟ್ಟಿಗೆಗೆ. ಆಡಿದವರಿಗೆ ಸಿಗಬಹುದಾದದ್ದು ವಾರಕ್ಕೆ ಹೆಚ್ಚೆಂದರೆ ನಾಲ್ಕು.

ಆಟಗಾರರು ಸುಮ್ಮನಿರಲಿಲ್ಲ. ೧೯೦೭ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬಿಲ್ಲಿ ಮೆರೆಡಿತ್, ಚಾರ್ಲಿ ರಾಬರ್ಟ್ಸ್ ಮೊದಲಾದವರು ಆಟಗಾರರ ಸಂಘ ಕಟ್ಟಿದರು. ೧೯೦೯ರಲ್ಲಿ ಸಂಘ ಬಿಡಿ, ಇಲ್ಲವಾದರೆ ಆಟ ಬಿಡಿ ಎಂದು ಆಜ್ಞೆಯಾದಾಗ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರು ಜಗ್ಗಲಿಲ್ಲ. 'ಬಹಿಷ್ಕೃತರ ಕ್ಲಬ್' ಎಂದು ಬೋರ್ಡು ಬರೆದು, ಅದರ ಜೊತೆ ಕೂತು ಫೋಟೋ ತೆಗೆಸಿಕೊಂಡರು. ಕೊನೆಗೆ ಸಂಘ ಉಳಿಯಿತು, ನಿಯಮಗಳೂ ಉಳಿದವು. ೧೯೧೨ರಲ್ಲಿ ಹರ್ಬರ್ಟ್ ಕಿಂಗಬಿ ಎಂಬ ಆಟಗಾರ ಆಸ್ಟನ್ ವಿಲ್ಲಾ ವಿರುದ್ಧ ಕೋರ್ಟಿಗೆ ಹೋಗಿ ಸೋತರು. ಆಮೇಲೆ ಐವತ್ತು ವರ್ಷ ಈ ಗೋಡೆಯನ್ನು ಯಾರೂ ಅಲುಗಾಡಿಸಲಿಲ್ಲ.

ಈಗ 'ನಿಷ್ಠೆ'ಯ ಮಾತಿಗೆ ಬರೋಣ. ಇಂಗ್ಲಿಷ್ ಫುಟ್‌ಬಾಲಿನಲ್ಲಿ ಕ್ಲಬ್ ನಿಷ್ಠೆ ಎಂದರೆ ಮೊದಲು ನೆನಪಾಗುವ ಹೆಸರುಗಳಲ್ಲಿ ಟಾಮ್ ಫಿನ್ನಿ ಅವರದೂ ಒಂದು. ಪ್ರೆಸ್ಟನ್ ಊರಿನವರು. ಕೊಳಾಯಿ ಕೆಲಸ ಕಲಿತವರು. ಅದೇ ಊರಿನ ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ಬಿಗೆ ೧೯೬೦ರಲ್ಲಿ ನಿವೃತ್ತಿಯಾಗುವ ತನಕ ಆಡಿದರು. ಕ್ಲಬ್ಬಿನ ಮೈದಾನದ ಹೊರಗೆ ನೀರು ಚಿಮ್ಮಿಸುತ್ತ ಚೆಂಡಿನ ಹಿಂದೆ ಜಾರುವ ಅವರ ಪ್ರತಿಮೆ ಇದೆ. 'ಒಂದೇ ಕ್ಲಬ್, ಒಂದೇ ಊರು' ಎಂದು ಅವರನ್ನು ಹೊಗಳದವರಿಲ್ಲ.

ಆದರೆ ೧೯೫೨ರಲ್ಲಿ ನಡೆದದ್ದನ್ನು ಕೇಳಿ. ಇಟಲಿಯ ಪಲೆರ್ಮೊ ಕ್ಲಬ್ ಫಿನ್ನಿ ಅವರನ್ನು ಕರೆಯಿತು. ಸಹಿ ಹಾಕಿದರೆ ಹತ್ತು ಸಾವಿರ ಪೌಂಡು, ಸಮುದ್ರದ ಬಳಿ ಮನೆ, ಕಾರು. ಆಗ ಇಂಗ್ಲೆಂಡಿನಲ್ಲಿ ಆಟಗಾರನ ಸಂಬಳದ ಮಿತಿ ವಾರಕ್ಕೆ ಹದಿನಾಲ್ಕು ಪೌಂಡು. ಲೆಕ್ಕ ಹಾಕಿ ನೋಡಿ, ಸಹಿಯ ಹಣವೊಂದೇ ಹದಿಮೂರು ವರ್ಷದ ಸಂಬಳಕ್ಕಿಂತ ಹೆಚ್ಚು! ಫಿನ್ನಿ ಹೋಗಿ ಕ್ಲಬ್ಬಿನ ಅಧ್ಯಕ್ಷರನ್ನು ಕೇಳಿದರು. ಆಗದು ಎಂದರು. ಅಷ್ಟೇ. ಫಿನ್ನಿ ಮರಳಿ ಬಂದು ಮತ್ತೆ ಎಂಟು ವರ್ಷ ಅದೇ ಕ್ಲಬ್ಬಿಗೆ ಮನಸಿಟ್ಟು ಆಡಿದರು.

ಬಿಟ್ಟಿದ್ದರೆ ಅವರು ಹೋಗುತ್ತಿದ್ದರೋ? ಹೋಗಿ ಒಂದೆರಡು ವರ್ಷದಲ್ಲಿ ತಿರುಗಿ ಬರುತ್ತಿದ್ದರೋ? ಯಾರಿಗೂ ಹೇಳಲಾಗದು. ಅವರ ಪ್ರೀತಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಊರಿನ ಮೇಲಿನ ಅವರ ಅಭಿಮಾನವನ್ನು ಪ್ರೆಸ್ಟನ್ ಜನ ಕಣ್ಣಾರೆ ಕಂಡವರು. ಆದರೆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಟ್ಟು, ಒಳಗಿದ್ದವನನ್ನು 'ಎಷ್ಟು ನಿಷ್ಠ!' ಎಂದು ಹೊಗಳಿದರೆ ಆ ಹೊಗಳಿಕೆ ಯಾರಿಗೆ? ಅವನಿಗೋ, ಚಿಲಕಕ್ಕೋ?

ಚಿಲಕವನ್ನು ಮುರಿದದ್ದು ಜಾರ್ಜ್ ಈಸ್ಟಮ್. ೧೯೫೬ರಲ್ಲಿ ಉತ್ತರ ಐರ್ಲೆಂಡಿನಿಂದ ಬಂದು ನ್ಯೂಕ್ಯಾಸಲ್ ಯುನೈಟೆಡ್ ಸೇರಿದವರು. ತೆಳ್ಳಗಿನ ಆಳು, ಚೆಂಡು ಪಾಸು ಮಾಡುವುದರಲ್ಲಿ ಜಾಣರು. ಕ್ಲಬ್ ಕೊಟ್ಟ ಮನೆಯ ವಿಷಯದಲ್ಲಿ, ಮಾತುಕೊಟ್ಟ ಉಪಕಸುಬಿನ ವಿಷಯದಲ್ಲಿ ಅಸಮಾಧಾನ ಬೆಳೆಯಿತು. ೧೯೫೯-೬೦ರ ಋತು ಮುಗಿದಾಗ ಹೊಸ ಒಪ್ಪಂದಕ್ಕೆ ಸಹಿ ಹಾಕಲಿಲ್ಲ, ಬೇರೆ ಕ್ಲಬ್ಬಿಗೆ ಬಿಟ್ಟುಕೊಡಿ ಎಂದರು. ನ್ಯೂಕ್ಯಾಸಲ್ ಬಿಡಲಿಲ್ಲ.

ಈಸ್ಟಮ್ ಆಟವನ್ನೇ ನಿಲ್ಲಿಸಿದರು. ಇಂಗ್ಲೆಂಡಿನ ದಕ್ಷಿಣಕ್ಕೆ ಹೋಗಿ, ಪರಿಚಯದ ವ್ಯಾಪಾರಿಯೊಬ್ಬರ ಹತ್ತಿರ ಬಿರಡೆಯ ಕಾರ್ಕ್ ಮಾರುವ ಕೆಲಸಕ್ಕೆ ಸೇರಿದರು. ತಿಂಗಳುಗಟ್ಟಲೆ ಹೀಗೆ ಕಳೆದು, ೧೯೬೦ರ ಅಕ್ಟೋಬರಿನಲ್ಲಿ ನ್ಯೂಕ್ಯಾಸಲ್ ಮಣಿದು ಅವರನ್ನು ೪೭,೫೦೦ ಪೌಂಡಿಗೆ ಆರ್ಸೆನಲ್‌ಗೆ ಕೊಟ್ಟಿತು.

ಬೇಕಾದ ಕ್ಲಬ್ ಸಿಕ್ಕಿತಲ್ಲ, ಇನ್ನು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ, ಅದೇ ಅವರ ದೊಡ್ಡತನ. ಆಟಗಾರರ ಸಂಘ ಬೆನ್ನಿಗೆ ನಿಂತಿತು. ಜಿಮ್ಮಿ ಹಿಲ್ ಅವರ ಮುಂದಾಳುತನದಲ್ಲಿ, ಮುಷ್ಕರದ ಎಚ್ಚರಿಕೆ ಕೊಟ್ಟು, ಸಂಬಳದ ಮಿತಿಯನ್ನು ೧೯೬೧ರ ಜನವರಿಯಲ್ಲಿ ತೆಗೆಸಿ ಹಾಕಿದ್ದ ಸಂಘ ಅದು. ಆಗ ಮಿತಿ ವಾರಕ್ಕೆ ಇಪ್ಪತ್ತು ಪೌಂಡು ಇತ್ತು. ಉಳಿದದ್ದು ನೋಂದಣಿಯ ಗಂಟು. ಅದನ್ನು ಬಿಡಿಸಲು ಈಸ್ಟಮ್ ಹೈಕೋರ್ಟಿನ ಮೆಟ್ಟಿಲು ಹತ್ತಿದರು.

ಕೇಸು ಕೇಳಿದವರು ನ್ಯಾಯಮೂರ್ತಿ ರಿಚರ್ಡ್ ವಿಲ್ಬರ್‌ಫೋರ್ಸ್. ಹುಟ್ಟಿದ್ದು ನಮ್ಮ ಜಲಂಧರದಲ್ಲಿ. ಗುಲಾಮರ ವ್ಯಾಪಾರ ನಿಲ್ಲಿಸಲು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ವರ್ಷಾನುಗಟ್ಟಲೆ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ ಅವರ ಮರಿಮಗನ ಮಗ! ಆಟಗಾರರು ತಮ್ಮದು ಗುಲಾಮರ ಒಪ್ಪಂದ ಎನ್ನುತ್ತಿದ್ದ ಕಾಲದಲ್ಲಿ ಕೇಸು ಹೋಗಿ ಇವರ ಮುಂದೆ ಬಿದ್ದದ್ದು ಚರಿತ್ರೆಯ ಒಂದು ಸೋಜಿಗ.

ಕ್ಲಬ್ಬುಗಳ ವಾದವನ್ನೂ ಇಲ್ಲಿ ಹೇಳಬೇಕು. ಏಕೆಂದರೆ ಅದು ಪೂರ್ತಿ ಸುಳ್ಳಲ್ಲ. ಆಟಗಾರರನ್ನು ಬಿಟ್ಟುಬಿಟ್ಟರೆ ಒಳ್ಳೆಯವರೆಲ್ಲ ದೊಡ್ಡ ಊರಿನ ಶ್ರೀಮಂತ ಕ್ಲಬ್ಬುಗಳಿಗೆ ಹೋಗುತ್ತಾರೆ. ಸಣ್ಣ ಊರಿನ ಕ್ಲಬ್ಬುಗಳು ಮುಚ್ಚಿಹೋಗುತ್ತವೆ. ಹುಡುಗನನ್ನು ಚಿಕ್ಕಂದಿನಿಂದ ತಿದ್ದಿ ಬೆಳೆಸಿದವರಿಗೆ ಏನೂ ಉಳಿಯುವುದಿಲ್ಲ. ಈ ಮಾತು ನಮಗೆ, ಗಡಿಯಾಚೆಯ ಕನ್ನಡ ಶಾಲೆಯವರಿಗೆ, ಎಲ್ಲೋ ಕೇಳಿದ ಹಾಗಿದೆ ಅಲ್ಲವೇ?

೧೯೬೩ರ ಜುಲೈ ೪ರಂದು ತೀರ್ಪು ಬಂತು. ಒಪ್ಪಂದ ಮುಗಿದ ಮೇಲೂ ಆಟಗಾರನನ್ನು ಕಟ್ಟಿಹಾಕುವುದು ಅವನ ದುಡಿಮೆಯ ಹಕ್ಕಿಗೆ ಅನ್ಯಾಯದ ತಡೆ ಎಂದು ನ್ಯಾಯಮೂರ್ತಿಗಳು ಹೇಳಿದರು. ವರ್ಗಾವಣೆಗೆ ಹಣ ಪಡೆಯುವ ಪದ್ಧತಿ ಪೂರ್ತಿ ಹೋಗಲಿಲ್ಲ. ಆದರೆ ಸಂಬಳವನ್ನೂ ಕೊಡದೆ, ಹೋಗಲೂ ಬಿಡದೆ ಕೂರಿಸುವ ಕಾಲ ಮುಗಿಯಿತು.

ಇನ್ನೊಂದು ಸಂಗತಿ ಕೇಳಿ. ಸಂಬಳದ ಮಿತಿ ಹೋದ ಕೂಡಲೇ, ೧೯೬೧ರಲ್ಲಿ, ಫುಲ್ಹಮ್ ಕ್ಲಬ್ ತನ್ನ ಜಾನಿ ಹೇನ್ಸ್ ಅವರಿಗೆ ವಾರಕ್ಕೆ ನೂರು ಪೌಂಡು ಕೊಟ್ಟಿತು. ಫುಲ್ಹಮ್ ಅಷ್ಟೇನೂ ದೊಡ್ಡ ಕ್ಲಬ್ ಅಲ್ಲ. ಅಲ್ಲಿದ್ದಷ್ಟು ಕಾಲ ಹೇನ್ಸ್ ಅವರಿಗೆ ದೊಡ್ಡ ಪ್ರಶಸ್ತಿ ಒಂದೂ ದಕ್ಕಲಿಲ್ಲ. ಆದರೂ ೧೯೭೦ರ ತನಕ ಅಲ್ಲೇ ಆಡಿದರು. ಗೌರವ ಕೊಟ್ಟು ಇಟ್ಟುಕೊಂಡರೆ ಜನ ಉಳಿಯುತ್ತಾರೆ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಆದರೆ ಇಂಗ್ಲೆಂಡಿನ ತೀರ್ಪು ಇಂಗ್ಲೆಂಡಿಗೆ ಮಾತ್ರ. ಯುರೋಪಿನ ಬೇರೆ ದೇಶಗಳಲ್ಲಿ ಒಪ್ಪಂದ ಮುಗಿದ ಆಟಗಾರನಿಗೂ ಹಳೆಯ ಕ್ಲಬ್ ಬೆಲೆ ಕಟ್ಟುವ ರೂಢಿ ಉಳಿದೇ ಇತ್ತು. ಅದನ್ನು ಕೆಡವಿದವರು ದೊಡ್ಡ ತಾರೆಯೇನಲ್ಲ, ಬೆಲ್ಜಿಯಂನ ಜಾನ್-ಮಾರ್ಕ್ ಬಾಸ್ಮನ್. ಲಿಯೇಜ್ ಊರಿನ ಕ್ಲಬ್ಬಿನ ಜೊತೆ ಅವರ ಒಪ್ಪಂದ ೧೯೯೦ರ ಜೂನ್ ಕೊನೆಗೆ ಮುಗಿಯುವುದಿತ್ತು. ಹೊಸ ಒಪ್ಪಂದದಲ್ಲಿ ಕ್ಲಬ್ ಅವರ ತಿಂಗಳ ಸಂಬಳವನ್ನು ೧,೨೦,೦೦೦ ಬೆಲ್ಜಿಯನ್ ಫ್ರಾಂಕಿನಿಂದ ೩೦,೦೦೦ಕ್ಕೆ ಇಳಿಸಿತು. ಕಾಲು ಭಾಗ! ಬಾಸ್ಮನ್ ಒಪ್ಪಲಿಲ್ಲ. ಫ್ರಾನ್ಸಿನ ಡಂಕರ್ಕ್ ಎಂಬ ಸಣ್ಣ ಕ್ಲಬ್ಬಿನೊಡನೆ ಮಾತಾಯಿತು.

ಮುಂದೆ ಏನಾಯಿತು ಗೊತ್ತೇ? ಬೆಲ್ಜಿಯಂ ಸಂಸ್ಥೆಯಿಂದ ಫ್ರಾನ್ಸ್ ಸಂಸ್ಥೆಗೆ ಒಂದು ಕಾಗದ ಹೋಗಬೇಕಿತ್ತು. ಆ ಕಾಗದದ ಹೆಸರು ಟ್ರಾನ್ಸ್‌ಫರ್ ಸರ್ಟಿಫಿಕೇಟ್. ಹೌದು, ಸಾಕ್ಷಾತ್ ಟಿ.ಸಿ.! ಡಂಕರ್ಕ್ ಹಣ ಕೊಟ್ಟೀತೇ ಎಂಬ ಸಂಶಯದಲ್ಲಿ ಲಿಯೇಜ್ ಕ್ಲಬ್ ಅದನ್ನು ಕಳಿಸುವಂತೆ ಕೇಳಲೇ ಇಲ್ಲ. ಒಪ್ಪಂದ ಬಿದ್ದುಹೋಯಿತು. ಜುಲೈ ೩೧ರಂದು ಕ್ಲಬ್ ಬಾಸ್ಮನ್ ಅವರನ್ನು ಅಮಾನತು ಮಾಡಿತು. ಒಂದು ಟಿ.ಸಿ.ಗಾಗಿ ಅವರು ಐದು ವರ್ಷ ಕೋರ್ಟು ಅಲೆದರು. ೧೯೯೫ರ ಡಿಸೆಂಬರ್ ೧೫ರಂದು ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದ ಆಟಗಾರ ಯುರೋಪಿಯನ್ ಒಕ್ಕೂಟದ ಇನ್ನೊಂದು ದೇಶದ ಕ್ಲಬ್ಬಿಗೆ ಹೋಗುವಾಗ ಹಳೆಯ ಕ್ಲಬ್ ಹಣ ಕೇಳುವಂತಿಲ್ಲ. ಒಕ್ಕೂಟದ ದೇಶಗಳ ಆಟಗಾರರ ಸಂಖ್ಯೆಗೆ ಮಿತಿ ಹಾಕುವಂತೆಯೂ ಇಲ್ಲ.

ಬಾಸ್ಮನ್ ಗೆದ್ದ ಹೊತ್ತಿಗೆ ಅವರ ಆಟದ ವಯಸ್ಸು ಕಳೆದಿತ್ತು. ಮುಂದೆ ಬಡತನ, ಕುಡಿತದ ಚಟ ಎಲ್ಲ ಅನುಭವಿಸಿದರು. ಅವರ ಹೆಸರಿನ ತೀರ್ಪಿನಿಂದ ಕೋಟಿಗಟ್ಟಲೆ ಗಳಿಸಿದವರು ಬೇರೆಯವರು.

ಕ್ಲಬ್ಬುಗಳು ಹೆದರಿದ್ದೂ ನಿಜವಾಯಿತು. ಹಾಲೆಂಡಿನ ಅಯಾಕ್ಸ್ ಕ್ಲಬ್ ತಾನೇ ಬೆಳೆಸಿದ ಹುಡುಗರನ್ನು ಕಟ್ಟಿಕೊಂಡು ೧೯೯೫ರ ಮೇ ತಿಂಗಳಲ್ಲಿ ಇಟಲಿಯ ಮಿಲಾನನ್ನು ೧-೦ಯಿಂದ ಸೋಲಿಸಿ ಯುರೋಪಿನ ಚಾಂಪಿಯನ್ ಆಗಿತ್ತು. ಗೋಲು ಹೊಡೆದವರು ಪ್ಯಾಟ್ರಿಕ್ ಕ್ಲೈವರ್ಟ್. ೧೯೯೬ರಲ್ಲಿ ಎಡ್ಗರ್ ಡೇವಿಡ್ಸ್, ೧೯೯೭ರಲ್ಲಿ ಅದೇ ಕ್ಲೈವರ್ಟ್, ಸೋತ ಅದೇ ಮಿಲಾನಿಗೆ ಹೋದರು. ಅಯಾಕ್ಸಿಗೆ ಬಿಡಿಗಾಸೂ ಸಿಗಲಿಲ್ಲ. ೨೦೦೧ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಬೆಳೆಸಿದ ಸೋಲ್ ಕ್ಯಾಂಪ್‌ಬೆಲ್ ಪಕ್ಕದ ಬದ್ಧ ವೈರಿ ಆರ್ಸೆನಲ್‌ಗೆ ಹಾಗೆಯೇ ನಡೆದುಹೋದಾಗ ಹಳೆಯ ಅಭಿಮಾನಿಗಳು ಅವರನ್ನು ಯೂದ ಎಂದು ಕೂಗಿದರು.

ಇಂದಿನ ಗಾಳಿಸುದ್ದಿಗಳಿಗೆ ದೊಡ್ಡ ಮೇವು ಸಿಕ್ಕಿದ್ದೂ ಇಲ್ಲಿಂದಲೇ. ಒಪ್ಪಂದ ಮುಗಿಯಲು ಆರು ತಿಂಗಳು ಉಳಿದರೆ ಆಟಗಾರ ಬೇರೆ ಕ್ಲಬ್ಬಿನೊಡನೆ ಮಾತಾಡಿ ಸಹಿ ಹಾಕಬಹುದು ಎಂಬುದು ವಿಶ್ವ ಸಂಸ್ಥೆ ಫಿಫಾದ ನಿಯಮ. ಹಾಗಾಗಿ ಕೊನೆಯ ವರ್ಷ ಬಂದ ಕೂಡಲೇ ಸುದ್ದಿ ಹುಟ್ಟುತ್ತದೆ. ಸಂಬಳ ಏರಿಸಿಕೊಳ್ಳಲು ಏಜೆಂಟ್ ಒಂದು ಸುದ್ದಿ ಬಿಡುತ್ತಾನೆ. ಬೆಲೆ ಏರಿಸಲು ಕ್ಲಬ್ ಇನ್ನೊಂದು ಬಿಡುತ್ತದೆ. ಪತ್ರಿಕೆಗೆ ಎರಡೂ ಬೇಕು. ನಮ್ಮ ಹಿಂದಿನ ಬೆಂಚಿನ ಹುಡುಗ ಎರಡನ್ನೂ ನಂಬಿ ಜಗಳ ಆಡುತ್ತಾನೆ!

ಆದರೆ ಮೆಸ್ಸಿ ಅವರ ಕಥೆ ನೋಡಿ. ಹದಿಮೂರರ ಹುಡುಗನನ್ನು ೨೦೦೦ದಲ್ಲಿ ಕರೆಸಿಕೊಂಡು, ಬೆಳವಣಿಗೆಯ ಚಿಕಿತ್ಸೆಯ ಖರ್ಚು ಹೊತ್ತದ್ದು ಬಾರ್ಸಿಲೋನಾ. ೨೦೨೦ರ ಆಗಸ್ಟಿನಲ್ಲಿ ಅವರು ಬಿಡುತ್ತೇನೆ ಎಂದಾಗ ಕ್ಲಬ್ ಒಪ್ಪಂದದ ಕಲಂ ತೋರಿಸಿ ತಡೆಯಿತು. ಕ್ಲಬ್ಬನ್ನು ಕೋರ್ಟಿಗೆ ಎಳೆಯಲಾರೆ ಎಂದು ಅವರು ಉಳಿದರು. ಮರುವರ್ಷ ಉಳಿಯುತ್ತೇನೆ ಎಂದಾಗ, ಲೀಗಿನ ಹಣಕಾಸಿನ ನಿಯಮದಿಂದ ನಿಮ್ಮ ನೋಂದಣಿ ಸಾಧ್ಯವಿಲ್ಲ ಎಂದು ಅದೇ ಕ್ಲಬ್ ಕಳಿಸಿತು. ೨೦೨೧ರ ಆಗಸ್ಟ್ ೮ರಂದು ಅವರು ಅತ್ತದ್ದನ್ನು ಜಗತ್ತು ನೋಡಿದೆ. ಇಲ್ಲಿ ದ್ರೋಹಿ ಯಾರು? ಕ್ಲಾಸಿನಲ್ಲಿ ಕೇಳಿದೆ. ಯಾರೂ ಕೈ ಎತ್ತಲಿಲ್ಲ.

ನಮ್ಮ ದೇಶದ ಮಾತೂ ಇರಲಿ. ಒಂದು ಕಾಲದಲ್ಲಿ ಕೊಲ್ಕತ್ತಾದಲ್ಲಿ ವರ್ಷ ವರ್ಷವೂ ಕ್ಲಬ್ ಬದಲಿಸುವ ಹಂಗಾಮು ಇತ್ತು. ಎದುರಾಳಿ ಕ್ಲಬ್ಬಿನವರ ಕಣ್ಣಿಗೆ ಬೀಳದಂತೆ ಆಟಗಾರರನ್ನು ಬಚ್ಚಿಟ್ಟು, ಸಹಿಯ ದಿನ ಕರೆತರುತ್ತಿದ್ದರು. ಅಂಥ ಊರಿಗೆ ೧೯೪೯ರಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಹೋದರು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿದವರು. ಈಸ್ಟ್ ಬೆಂಗಾಲ್ ಕ್ಲಬ್ಬಿನ 'ಪಂಚ ಪಾಂಡವ'ರಲ್ಲಿ ಒಬ್ಬರು. ೧೯೫೯ರ ತನಕ ಅದೇ ಕ್ಲಬ್ಬಿನಲ್ಲಿ ಉಳಿದರು. ಬಾಗಿಲು ತೆರೆದೇ ಇತ್ತು, ಹೋಗಲಿಲ್ಲ. ನಿಷ್ಠೆ ಎಂದರೆ ಇದು. ಇನ್ನು ನಮ್ಮ ಜಿಲ್ಲೆಯ ತೃಕರಿಪುರದ ಮೊಹಮ್ಮದ್ ರಫಿ ಅವರನ್ನು ತೆಗೆದುಕೊಳ್ಳಿ. ೨೦೧೬ರ ಐ.ಎಸ್.ಎಲ್. ಫೈನಲಿನಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ತಲೆಯಿಂದ ಗೋಲು ಹೊಡೆದವರು. ಅವರು ಹಿಂದೆ ಆಡಿದ್ದ ಮುಂಬಯಿಯ ಮಹೀಂದ್ರಾ ಯುನೈಟೆಡ್ ೨೦೧೦ರಲ್ಲಿ ತಂಡವನ್ನೇ ಮುಚ್ಚಿತು. ಪಂಜಾಬಿನ ಜೆ.ಸಿ.ಟಿ. ೨೦೧೧ರಲ್ಲಿ ಮುಚ್ಚಿತು. ಕ್ಲಬ್ಬೇ ಇಲ್ಲವಾದ ಮೇಲೆ ಆಟಗಾರ ನಿಷ್ಠೆಯನ್ನು ಎಲ್ಲಿಗೆ ಒಯ್ಯಬೇಕು?

ಕಥೆ ಇನ್ನೂ ಮುಗಿದಿಲ್ಲ. ೨೦೨೪ರ ಅಕ್ಟೋಬರ್ ೪ರಂದು ಲಸ್ಸಾನಾ ಡಿಯಾರಾ ಎಂಬ ಫ್ರೆಂಚ್ ಆಟಗಾರನ ಪ್ರಕರಣದಲ್ಲಿ ಅದೇ ಲಕ್ಸೆಂಬರ್ಗಿನ ನ್ಯಾಯಾಲಯ ಫಿಫಾದ ಕೆಲವು ವರ್ಗಾವಣೆ ನಿಯಮಗಳು ಒಕ್ಕೂಟದ ಕಾನೂನಿಗೆ ವಿರುದ್ಧ ಎಂದಿತು.

ಈಗ ನನ್ನದೊಂದು ತಪ್ಪೊಪ್ಪಿಗೆ. ಹಲವು ವರ್ಷಗಳ ಹಿಂದೆ, ಆಗ ನಾನಿದ್ದ ಶಾಲೆಯಲ್ಲಿ, ಜೂನ್ ಮೊದಲ ವಾರ ಒಬ್ಬರು ಅಪ್ಪ ಟಿ.ಸಿ. ಕೇಳಲು ಬಂದರು. ಕೂಲಿ ಕೆಲಸದವರು. ಆರನೆಯ ಕೆಲಸದ ದಿನದ ಮಕ್ಕಳ ಲೆಕ್ಕ ಆಗುವ ತನಕ ಒಂದು ತಲೆಯೂ ಕಮ್ಮಿ ಆಗಬಾರದು, ಆದರೆ ಒಂದು ಡಿವಿಷನ್ ಹೋಗುತ್ತದೆ, ಒಬ್ಬರು ಟೀಚರ ಕೆಲಸ ಹೋಗುತ್ತದೆ. "ಹೆಡ್ಮಾಸ್ಟ್ರು ಇಲ್ಲ, ನಾಳೆ ಬನ್ನಿ" ಎಂದೆ. ಮರುದಿನ "ಸೀಲು ಇಲ್ಲ" ಎಂದೆ. ಮೂರನೆಯ ದಿನ ಅವರು ಏನೂ ಕೇಳಲಿಲ್ಲ. ಕೊಡೆ ಮಡಚಿ ಜಗಲಿಯಲ್ಲಿ ಕೂತರು. ಮೂರು ದಿನದ ಕೂಲಿ ಹೋಗಿತ್ತು. ಆ ಮಗು ಆ ವಾರ ಯಾವ ಶಾಲೆಯಲ್ಲೂ ಇರಲಿಲ್ಲ.

ಕನ್ನಡ ಉಳಿಸಲು ಮಾಡಿದ್ದು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಲಿಯೇಜ್ ಕ್ಲಬ್ಬಿನವರೂ ಹಾಗೇ ಏನೋ ಹೇಳಿಕೊಂಡಿರಬೇಕು. ಟಿ.ಸಿ. ತಡ ಮಾಡಬಾರದು ಎಂದು ೨೦೦೯ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಆದರೆ ಕಾಯ್ದೆಗಿಂತ ಹೆಚ್ಚಾಗಿ ಆ ಜಗಲಿಯ ಚಿತ್ರ ನನ್ನನ್ನು ತಿದ್ದಿತು. ಈಗ ಯಾರಾದರೂ ಬಂದರೆ ಕಾರಣ ಕೇಳುತ್ತೇನೆ, ನಮ್ಮ ಶಾಲೆಯ ಒಳ್ಳೆಯದನ್ನು ಹೇಳುತ್ತೇನೆ, ಉಳಿಯಿರಿ ಎಂದು ಬೇಡಿಯೂ ಬೇಡುತ್ತೇನೆ. ಆದರೆ ಕಾಗದ ಅದೇ ದಿನ ಕೊಡಿಸುತ್ತೇನೆ.

ಮಕ್ಕಳು ಕಮ್ಮಿಯಾಗುವ ನೋವು ಸಣ್ಣದಲ್ಲ. ಅಯಾಕ್ಸಿನ ನೋವೂ ಸಣ್ಣದಲ್ಲ. ಆದರೆ ಅಯಾಕ್ಸ್ ಮಾಡಿದ್ದೇನು? ಮತ್ತೆ ಹೊಸ ಹುಡುಗರನ್ನು ಮೈದಾನಕ್ಕೆ ಕರೆದು ಕಲಿಸತೊಡಗಿತು, ಇಂದಿಗೂ ಕಲಿಸುತ್ತಿದೆ. ನಮಗೂ ಇರುವ ದಾರಿ ಅದೊಂದೇ. ಬಾಗಿಲು ತೆರೆದಿರಲಿ, ಒಳಗಿನ ಪಾಠ ಉಳಿಯುವಂತೆ ಮಾಡಲಿ.

ಅಂದ ಹಾಗೆ, ಕಥೆ ಮುಗಿದ ಮೇಲೆ ಆ ಹುಡುಗ ಎದ್ದು ನಿಂತು ಕೇಳಿದ: "ಸಾರ್, ಹಾಗಾದರೆ ಅವ ಹೋದರೂ ಅವನ ಜರ್ಸಿ ಹಾಕಬಹುದಾ?"

"ಧಾರಾಳ ಹಾಕು ಮಾರಾಯ. ಆದರೆ ನಾಳೆ ಹೋಮ್‌ವರ್ಕ್ ತಾ" ಎಂದೆ.